ಅಮ್ಮನ ಇಸ್ತ್ರಿ ಒಪ್ಪಿದ ಹಾಡುಗಳು

ನಿಮ್ಮ ಮೇಲೆ ಯಾರ ಪ್ರಭಾವ ಇದೆ ಎಂದು ಯಾರೇ ಕೇಳಲಿ, ಗಾಯಕಿ ಜೀರುಂಡೆಯ ನಾಲಿಗೆಯ ತುದಿಯಲ್ಲಿ ಒಂದು ಉತ್ತರ ಕೂತೇ ಇರುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ಒಂದು ಪೆಟ್ಟಿಗೆ ಕ್ಯಾಸೆಟ್ಟು, ಪಾಠ ಬೇಸರವಾದಾಗ ಹಾಡು ಹೇಳಿಕೊಡುತ್ತಿದ್ದ ಶಾಲೆಯ ಗಣಿತದ ಟೀಚರು, ಮಳೆಯಲ್ಲಿ ನಿಂತ ಬಸ್ಸಿನ ವೈಪರು. ರೇಡಿಯೋದವರು ಹೌದಾ ಎಂದು ಹುಬ್ಬೇರಿಸುತ್ತಿದ್ದರು. ವೈಪರಿನ ಮಾತಿಗಂತೂ ಎಲ್ಲರೂ ಮರುಳಾಗುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೊರಗೆ ಹೋಗುವಾಗ ತೊಡುವ ಬಟ್ಟೆ ಬೇರೆ, ಮನೆಯಲ್ಲಿ ತೊಡುವ ಬಟ್ಟೆ ಬೇರೆ. ಇದು ಹೊರಗೆ ತೊಡುವ ಉತ್ತರ.

ಮನೆಯೊಳಗಿನ ಉತ್ತರ ಅವಳ ಅಮ್ಮನ ಇಸ್ತ್ರಿಪೆಟ್ಟಿಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದಲ್ಲ, ಹೇಳಿದರೆ ಯಾರೂ ನಂಬುವುದಿಲ್ಲ ಎಂದು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಹಾಡುಗಾರರಿಗೂ ಸಲ್ಲುತ್ತದೆ.

ಅಮ್ಮನದು ಬಟ್ಟೆ ಇಸ್ತ್ರಿ ಮಾಡಿಕೊಡುವ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು, ಬೀದಿಯ ಮೂಲೆಯಲ್ಲಿ ಟೈಲರ್ ಅಂಗಡಿಯ ಗೋಡೆಗೆ ಅಂಟಿಕೊಂಡಿದ್ದ ಒಂದು ಕೋಣೆ. ಒಂದು ಅಗಲವಾದ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿದ್ದ ಕಂಬಳಿ, ಗೋಡೆಯುದ್ದಕ್ಕೂ ಹ್ಯಾಂಗರುಗಳ ಕಂಬಿ, ಬಾಗಿಲ ಪಕ್ಕ ಬಟ್ಟೆಯ ಗಂಟುಗಳು. ಅಪ್ಪ ಎಂಬವನು ಜೀರುಂಡೆಗೆ ನೆನಪು ಬರುವ ಮೊದಲೇ ಮನೆ ಬಿಟ್ಟಿದ್ದ. ಅವಳು ನಡೆಯಲು ಕಲಿತದ್ದು ಆ ಮೇಜಿನ ಕಾಲು ಹಿಡಿದುಕೊಂಡು. ಅದರ ಕೆಳಗೆ ಕೂತು ಇಡೀ ದಿನ ಏನನ್ನಾದರೂ ಗುನುಗುತ್ತಿದ್ದದ್ದಕ್ಕೆ ಪಕ್ಕದ ಟೈಲರ್ ಮಾಮ ಅವಳಿಗೆ ಜೀರುಂಡೆ ಎಂದು ಹೆಸರಿಟ್ಟ. ದೊಡ್ಡವಳಾಗಿ ತಾನೇ ಹಾಡು ಕಟ್ಟಿ, ತಾನೇ ಹಾಡಿ, ಹೊರಗಿನ ಸದ್ದು ಬರದಂತೆ ಕಿಟಕಿಗೆ ಹಾಸಿಗೆ ಒತ್ತಿನಿಲ್ಲಿಸಿದ ಬಾಡಿಗೆ ಕೋಣೆಯಲ್ಲಿ ತಾನೇ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಾಗ ಅವಳು ಆ ಹೆಸರನ್ನೇ ಇಟ್ಟುಕೊಂಡಳು. ಯಾವ ಕಂಪನಿಯ ಹಂಗೂ ಇಲ್ಲದ ಸ್ವತಂತ್ರ ಗಾಯಕಿ ಎಂದು ಪತ್ರಿಕೆಯವರು ಬರೆದರು. ಸ್ವತಂತ್ರ ಎಂದರೆ ಏನೆಂದು ಪಾಡು ಪಟ್ಟವರಿಗೇ ಗೊತ್ತು. ಹಾಡು ಕೆಟ್ಟರೆ ಬೈಯಲು ಬೇರೆ ಯಾರೂ ಸಿಗುವುದಿಲ್ಲ, ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲೂ ಯಾರೂ ಇರುವುದಿಲ್ಲ.

ಅದಕ್ಕೇ ಅವಳಿಗೆ ಅಮ್ಮ ಬೇಕಾಗಿತ್ತು. ಹೊಸ ಹಾಡು ಹುಟ್ಟಿದರೆ, ಅದನ್ನು ತಿದ್ದಿ ತೀಡಿ ಕೊಡುವ ಗೆಳೆಯ ಸೌಂಡಿನವನಿಗೆ ಕೇಳಿಸುವುದಕ್ಕೂ ಮೊದಲು, ಗಿರಾಕಿಗಳು ಕಡಿಮೆಯಾಗುವ ಮಧ್ಯಾಹ್ನದ ಹೊತ್ತಿಗೆ ಗಿಟಾರ್ ಹೊತ್ತು ಅಂಗಡಿಗೆ ಬರುತ್ತಿದ್ದಳು. ಅಮ್ಮನ ಎದುರಿಗೆ ಸ್ಟೂಲು ಎಳೆದುಕೊಂಡು, ನೆಲಕ್ಕೆ ಕಾಲಲ್ಲಿ ತಾಳ ಕುಟ್ಟುತ್ತ ಹಾಡುತ್ತಿದ್ದಳು. ಅಮ್ಮ ಕೆಲಸ ನಿಲ್ಲಿಸುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಅಂಗಿ ಹಾಸುತ್ತಿದ್ದಳು, ನೀರು ಚಿಮುಕಿಸುತ್ತಿದ್ದಳು, ಇಸ್ತ್ರಿ ಎಳೆಯುತ್ತಿದ್ದಳು. ಹಾಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಕೈ ತಾಳಕ್ಕೆ ಬಿದ್ದರೆ, ಕಾಲರಿಗೊಂದು ಎಳೆತ ತೋಳಿಗೊಂದು ಎಳೆತ ಎಂದು ಇಸ್ತ್ರಿ ಹಾಡಿನ ಜೊತೆ ನಡೆಯತೊಡಗಿದರೆ, ಆ ಹಾಡು ಬದುಕುತ್ತಿತ್ತು. ಇಸ್ತ್ರಿ ತನ್ನ ಪಾಡಿಗೆ ತಾನು ಹೋದರೆ ಜೀರುಂಡೆ ಆ ಹಾಡನ್ನು ಅಲ್ಲಿಯೇ ಬಿಟ್ಟು ಎದ್ದು ಹೋಗುತ್ತಿದ್ದಳು. ಹಾಗೆ ಎಷ್ಟೋ ಹಾಡುಗಳು ಆ ಬಾಗಿಲಲ್ಲೇ ಸತ್ತವು. ಸೌಂಡಿನವನು ತಲೆ ಚಚ್ಚಿಕೊಂಡರೂ ಅವಳು ಜಗ್ಗುತ್ತಿರಲಿಲ್ಲ.

ಈ ಪರೀಕ್ಷೆಯ ಮೂಲ ಅಮ್ಮನ ಒಂದೇ ಒಂದು ಮಾತು. ಜೀರುಂಡೆ ಮೊದಲ ಹಾಡು ಕಟ್ಟಿದಾಗ ಅದರಲ್ಲಿ ಕಸರತ್ತು ಜಾಸ್ತಿಯಿತ್ತು. ಹೇಗಿದೆ ಎಂದು ಕೇಳಿದ್ದಕ್ಕೆ ಅಮ್ಮ ಕೋಟಿನ ಗುಂಡಿ ಹಾಕುತ್ತ ಹೇಳಿದ್ದಳು.

“ಹಾಡು ಅಂದ್ರೆ ಕೆಲಸಕ್ಕೆ ಹೆಗಲು ಕೊಡಬೇಕು ಜೀರು. ಕೈ ಕಟ್ಟಿಹಾಕಬಾರ್ದು.”

ದೊಡ್ಡ ದೊಡ್ಡವರ ಪುಸ್ತಕ ಓದಿ, ಲೋಕದ ಹಾಡನ್ನೆಲ್ಲ ಕೇಳಿ ಜೀರುಂಡೆ ಕಲಿತದ್ದು ಬಹಳ. ಆದರೆ ಹಾಡು ಕಟ್ಟಲು ಕೂತಾಗ ನೆನಪಿಗೆ ಬರುತ್ತಿದ್ದದ್ದು ಇದೊಂದೇ. ದುಡಿಯುವ ಕೈಯಿರುವವರಿಗೆ ಹಾಡು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅವಳ ಎರಡನೆಯ ಆಲ್ಬಮ್ಮು ಬಂದಾಗ ಜನ ಅದನ್ನು ಅಡುಗೆ ಮಾಡುತ್ತ, ಗಾಡಿ ಓಡಿಸುತ್ತ, ನೆಲ ಒರೆಸುತ್ತ ಕೇಳಿದರು. ಅವಳ ಹೆಸರು ಊರಾಚೆಗೂ ಹೋಯಿತು. ಆ ಆಲ್ಬಮ್ಮಿನ ಒಂದೊಂದು ಹಾಡನ್ನೂ ಅಮ್ಮನ ಇಸ್ತ್ರಿ ಒಪ್ಪಿತ್ತು.

ಮೂರನೆಯ ಆಲ್ಬಮ್ಮಿಗೆ ಕೊನೆಯ ಹಾಡೊಂದು ಬೇಕಾಗಿತ್ತು. ಅದು ಅವಳಿಗೆ ಬಸ್ಸಿನಲ್ಲಿ ಸಿಕ್ಕಿತು. ಕಾಲಿಡಲು ಜಾಗವಿಲ್ಲದ ಬಸ್ಸು. ಒಬ್ಬ ಮನುಷ್ಯ ಹ್ಯಾಂಗರಿನಲ್ಲಿದ್ದ ಒಂದು ಬಿಳಿ ಅಂಗಿಯನ್ನು ಎಲ್ಲರ ತಲೆಯ ಮೇಲೆ ಎತ್ತಿಹಿಡಿದು ನಿಂತಿದ್ದ. ತಾನು ಜಜ್ಜಿಹೋದರೂ ಚಿಂತೆಯಿಲ್ಲ, ಅಂಗಿಗೆ ಒಂದು ಗೆರೆ ಬೀಳಬಾರದು ಎನ್ನುವಂತೆ. ಆ ಕಾಲರಿನ ಮಡಿಕೆ ನೋಡಿದ ಕೂಡಲೇ ಜೀರುಂಡೆಗೆ ಅದು ಅಮ್ಮನ ಕೈ ಎಂದು ಗೊತ್ತಾಯಿತು. ಇಷ್ಟು ವರ್ಷ ಕಂಡಕಂಡವರ ಮೇಲೆಲ್ಲ ಹಾಡು ಕಟ್ಟಿದೆ, ಅಮ್ಮನಿಗಾಗಿ ಒಂದು ಸಾಲನ್ನೂ ಕಟ್ಟಲಿಲ್ಲ ಎಂದು ಅಲ್ಲೇ ಕಂಬಿ ಹಿಡಿದು ನಿಂತವಳಿಗೆ ಅನಿಸಿತು. ಇಳಿಯುವ ನಿಲ್ದಾಣ ಬಂದು ಹೋದದ್ದೂ ತಿಳಿಯಲಿಲ್ಲ.

ಆ ವಾರವೆಲ್ಲ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಹಾಡು ನಿಧಾನದ್ದಾಯಿತು, ತಾಳವಾದ್ಯ ಇಲ್ಲ, ಗಿಟಾರೂ ಬೇಡ, ಬರೀ ದನಿ. ಪದಗಳು ಸಲೀಸಾಗಿ ಬಂದವು.

ಯಾರದೋ ಸಂಭ್ರಮಕೆ ಹೊರಟಿರುವ ಅಂಗಿ
ನಿನ್ನ ಕೈ ದಾಟಿಯೇ ಹೋಯಿತಮ್ಮ,
ಊರ ಸುಕ್ಕುಗಳನೆಲ್ಲ ಬಿಡಿಸಿದವಳೇ
ನಿನ್ನ ಸುಕ್ಕು ಬಿಡಿಸುವವರು ಯಾರಮ್ಮ.

ಹಾಡು ಮುಗಿದ ಮೇಲೆ ಅವಳು ಒಬ್ಬಳೇ ಕೂತು ಅತ್ತಳು. ತಡೆಯಲಾರದೆ ಸೌಂಡಿನವನಿಗೆ ಫೋನಿನಲ್ಲೇ ಹಾಡಿ ತೋರಿಸಿದಳು. ಅಮ್ಮನಿಗಿಂತ ಮುಂಚೆ ಇನ್ನೊಬ್ಬರಿಗೆ ಕೇಳಿಸಿದ್ದು ಅದೇ ಮೊದಲು. ಅವನು, ಇದರ ಮೇಲೆ ನಾನು ಕೈ ಇಡುವುದಿಲ್ಲ, ಹೀಗೇ ಇರಲಿ ಎಂದ. ಅವಳಿಗೆ ಈಗ ಬೇಕಾಗಿದ್ದದ್ದು ಒಂದೇ. ಅಮ್ಮ ಇದನ್ನು ಕೇಳಬೇಕು, ಆ ಕೈ ಇದಕ್ಕೆ ಓಗೊಡಬೇಕು. ಜಗತ್ತು ಮೆಚ್ಚಿದರೆಷ್ಟು ಬಿಟ್ಟರೆಷ್ಟು.

ಅಂದು ಅಂಗಡಿಯಲ್ಲಿ ಸ್ಟೂಲಿನ ಮೇಲೂ ಬಟ್ಟೆ ಪೇರಿಸಿತ್ತು. ಜೀರುಂಡೆ ಬಾಗಿಲ ಪಕ್ಕದ ಗಂಟಿನ ಮೇಲೆ ಹತ್ತಿ, ಕಾಲು ಮೇಲಕ್ಕೆಳೆದು ಮಡಿಸಿಕೊಂಡು ಕೂತಳು. ಅಮ್ಮನ ಮುಖ ನೋಡಿಕೊಂಡು ಆ ಹಾಡು ಹಾಡಲು ಅವಳಿಗೆ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಕಣ್ಣು ಮುಚ್ಚಿ ಶುರುಮಾಡಿದಳು. ಕಿವಿಯೆಲ್ಲ ಇಸ್ತ್ರಿಯ ಕಡೆಗಿತ್ತು. ಮೊದಲ ಸಾಲು ಮುಗಿಯಿತು, ಇಸ್ತ್ರಿ ತನ್ನ ದಾರಿ ಹಿಡಿದಿತ್ತು. ಎರಡನೆಯ ಸಾಲಿಗೆ ಅಮ್ಮ ಅಂಗಿ ಕೊಡವಿದಳು. ಆಮೇಲೆ ಸರಸರನೆ ಎಳೆದಳು, ನಿಲ್ಲಿಸಿದಳು, ಮತ್ತೆ ಎಳೆದಳು, ತಾಳವೂ ಇಲ್ಲ ಮೇಳವೂ ಇಲ್ಲ. ಬೀಳುತ್ತದೆ, ಈಗ ಬೀಳುತ್ತದೆ ಎಂದು ಜೀರುಂಡೆ ಕಾದಳು. ಊರ ಸುಕ್ಕುಗಳ ಸಾಲಿಗೆ ಬಂದಳು. ಅಷ್ಟರಲ್ಲಿ ಅಮ್ಮ ದೊಡ್ಡ ಗಂಟಲಿನಲ್ಲಿ ಹೇಳಿದಳು.

“ಜೀರು, ಆ ನೀಲಿ ಕೋಟು ಸ್ವಲ್ಪ ಈ ಕಡೆ ಕೊಡು.”

ಜೀರುಂಡೆ ತಲೆ ಎತ್ತಿದಳು.

“ಹಾಡ್ತಿದ್ದೆ ಅಮ್ಮ,” ಎಂದಳು.

ಅಮ್ಮನ ಮುಖ ಒಂದು ಗಳಿಗೆ ಹೇಗೋ ಆಯಿತು. ಗೊತ್ತು ಗೊತ್ತು, ಹಾಡು ಎನ್ನುತ್ತ ಗಡಿಬಿಡಿಯಿಂದ ಇಸ್ತ್ರಿ ಎತ್ತಿಕೊಂಡು ಒಂದು ತಾಳಕ್ಕೆ ಎಳೆಯತೊಡಗಿದಳು. ಚುರುಕಿನ ತಾಳ, ಕುಣಿಯುವ ಹಾಡಿಗೆ ಹೊಂದುವಂಥದ್ದು. ಜೀರುಂಡೆಗೆ ಅದು ಗಾಯದ ಮೇಲೆ ಬರೆ ಎಳೆದಂತಾಯಿತು. ಇಷ್ಟವಾಗದಿದ್ದರೆ ಸುಮ್ಮನಿರಲಿ, ಈ ನಾಟಕ ಯಾಕೆ ಎಂದುಕೊಂಡಳು. ಕೋಟನ್ನು ಮೇಜಿನ ಮೇಲಿಟ್ಟು, ಕೆಲಸವಿದೆ ಎಂದು ಹೇಳಿ ಹೊರಟೇಬಿಟ್ಟಳು.

ಆ ಹಾಡನ್ನು ತೆಗೆದುಬಿಡು ಎಂದು ಸೌಂಡಿನವನಿಗೆ ಹೇಳಿದಾಗ ಅವನು ಮೊದಲು ತಮಾಷೆ ಎಂದುಕೊಂಡ, ಆಮೇಲೆ ಜಗಳಕ್ಕೇ ನಿಂತ. ನಿನ್ನ ಎಲ್ಲ ಹಾಡನ್ನೂ ತೂಕಕ್ಕೆ ಹಾಕಿದರೆ ಇದೊಂದೇ ಸಾಕು ಎಂದ. ಅವಳ ಬಳಿ ಇದ್ದ ಉತ್ತರ ಅಮ್ಮ ಒಪ್ಪಲಿಲ್ಲ ಎಂಬುದೊಂದೇ. ಬುದ್ಧಿಯಿರುವ ಬೇರೆ ಯಾರೂ ಇಂಥ ಕಾರಣಕ್ಕೆ ಒಂದು ಒಳ್ಳೆಯ ಹಾಡನ್ನು ಕೊಲ್ಲುವುದಿಲ್ಲ. ಆದರೆ ನಂಬಿಕೆ ಎಂಬುದು ಬುದ್ಧಿಯ ಅಪ್ಪಣೆ ಕೇಳಿ ಬರುವಂಥದ್ದಲ್ಲ. ಆಲ್ಬಮ್ಮು ಆ ಹಾಡಿಲ್ಲದೆಯೇ ಹೊರಬಂತು. ಜನ ಚೆನ್ನಾಗಿದೆ ಎಂದರು.

ಅಂಗಡಿಗೆ ಹೋಗುವುದನ್ನೂ ಅವಳು ಬಿಟ್ಟಳು. ಮೊದಲು ಸಿಟ್ಟು, ಆಮೇಲೆ ಕೆಲಸದ ನೆವ, ಆಮೇಲೆ ಹೋಗದೆ ಇಷ್ಟು ದಿನವಾಯಿತಲ್ಲ ಎಂಬ ಮುಜುಗರ. ಒಂದೆರಡು ಸಲ ಫೋನ್ ಮಾಡಿದಳು. ಅಮ್ಮ ಎತ್ತಲಿಲ್ಲ. ಅವಳು ಫೋನ್ ಎತ್ತುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಹಳೆಯ ಕಾಲದವಳು, ಹಟಮಾರಿ ಎಂದು ಜೀರುಂಡೆ ತಲೆ ಕೆಡಿಸಿಕೊಂಡಿರಲಿಲ್ಲ.

ಕೊನೆಗೆ ಕರೆ ಬಂದದ್ದು ಟೈಲರ್ ಮಾಮನಿಂದ. ಬಂದು ನನ್ನನ್ನು ನೋಡು ಎಂದಷ್ಟೇ ಹೇಳಿದ. ಅವಳು ಹೋದಾಗ ಅಮ್ಮನ ಅಂಗಡಿ ತೆರೆದಿತ್ತು, ಒಳಗೆ ಬೆಳಕಿತ್ತು. ಅದರ ಮುಂದೆ ನಿಲ್ಲದೆ ಅವಳು ಸೀದಾ ಟೈಲರ್ ಅಂಗಡಿಗೆ ನುಗ್ಗಿದಳು. ಮಾಮ ಮಿಷಿನ್ನಿನಿಂದ ಕಾಲು ತೆಗೆದು, ಟೇಪನ್ನು ಕೊರಳಿನಲ್ಲೇ ಬಿಟ್ಟುಕೊಂಡು, ಯಾಕಮ್ಮ ಬರ್ತಾ ಇಲ್ಲ ಎಂದು ಕೇಳಿದ. ನಿನ್ನಮ್ಮ ದಿನವಿಡೀ ಬಾಗಿಲು ನೋಡುತ್ತಾಳೆ, ಕೈಯಲ್ಲಿ ಕೆಲಸ ನಿಲ್ಲುತ್ತಿಲ್ಲ, ಮೊನ್ನೆ ಯಾರದೋ ಒಳ್ಳೆ ಅಂಗಿ ಸುಟ್ಟಳು ಎಂದ. ಜೀರುಂಡೆಗೆ ಒಳಗಿದ್ದದ್ದೆಲ್ಲ ಉಕ್ಕಿ ಬಂತು. ತಾನು ಅವಳಿಗಾಗಿಯೇ ಒಂದು ಹಾಡು ಮಾಡಿದ್ದು, ಅದನ್ನು ಅವಳು ಕಿವಿಗೇ ಹಾಕಿಕೊಳ್ಳದೆ ನಡುವೆ ಕೋಟು ಕೇಳಿದ್ದು, ಎಲ್ಲ ಹೇಳಿ ಮುಗಿಸಿದಳು. ಮಾಮ ಕೊರಳಿನ ಟೇಪು ತೆಗೆದು ಮಿಷಿನ್ನಿನ ಮೇಲಿಟ್ಟ.

“ನಿನಗೆ ಗೊತ್ತಿಲ್ವಾ?” ಎಂದ. “ಅವಳಿಗೆ ಕಿವಿ ಹೋಗಿ ವರ್ಷಗಳೇ ಆಯ್ತಲ್ಲಮ್ಮ.”

ಇಲ್ಲ, ಅವಳ ಕೈ ತಾಳಕ್ಕೆ ಬೀಳುತ್ತಿತ್ತು, ನಾನೇ ನೋಡಿದ್ದೇನೆ ಎಂದು ಜೀರುಂಡೆ ವಾದಕ್ಕಿಳಿದಳು.

“ನಿನ್ನ ಕಾಲು ನೋಡ್ಕೊಂಡು,” ಎಂದ ಮಾಮ.

ಆಮೇಲೆ ಅವನು ಹೇಳಿದ್ದೆಲ್ಲ ಅವಳಿಗೆ ದೂರದಿಂದ ಕೇಳಿಸಿತು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮಾಮನ ಹೆಂಡತಿಯೇ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ನರವೇ ಒಣಗಿದೆ, ವಾಪಸು ಬರುವುದಿಲ್ಲ ಎಂದಿದ್ದರು. ಕಿವಿಗೆ ಹಾಕುವ ಯಂತ್ರ ಹಾಕಿಕೊಂಡರೆ ಬರೀ ಗೊರಗೊರ ಸದ್ದು, ತಲೆನೋವು. ಅದನ್ನು ಡಬ್ಬಿಯಲ್ಲೇ ಇಟ್ಟಳು. ಗಿರಾಕಿಗಳು ಬಂದರೆ ಮೇಜು ತಟ್ಟಿ ಬೆರಳಲ್ಲಿ ಬಟ್ಟೆಯ ಲೆಕ್ಕ ತೋರಿಸುತ್ತಾರೆ. ಬೀದಿಗೆಲ್ಲ ಗೊತ್ತು. ನಿನಗೆ ಅವಳೇ ಹೇಳಿರುತ್ತಾಳೆ ಎಂದುಕೊಂಡಿದ್ದೆ ಎಂದ ಮಾಮ, ತಪ್ಪು ತನ್ನದೇ ಎನ್ನುವಂತೆ.

ಬೀದಿಗೆಲ್ಲ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ. ಊರವರ ಹೆಜ್ಜೆಯ ಸದ್ದಿನಲ್ಲೂ ಹಾಡು ಹುಡುಕುವವಳು ಎಂದು ಪತ್ರಿಕೆಯವರು ಬರೆದಿದ್ದರಲ್ಲ, ಅವಳ ಕಿವಿಯ ಕಥೆ ಇದು. ಬಂದಾಗಲೆಲ್ಲ ಹಾಡುತ್ತಿದ್ದಳು, ತನ್ನ ಸುದ್ದಿ ಹೇಳುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಅಮ್ಮ ಹೂಂ ಎನ್ನುತ್ತಿದ್ದಳು. ಮಗಳ ತುಟಿ ಅವಳಿಗೆ ಬಾಯಿಪಾಠವಾಗಿತ್ತು, ಮಾತಿಗೆ ಅದು ಸಾಕಾಗುತ್ತಿತ್ತು. ನೀನು ಹೇಗಿದ್ದೀಯ ಅಮ್ಮ ಎಂದು ಕೇಳಿ ಉತ್ತರಕ್ಕೆ ಕಾದ ಒಂದು ದಿನವನ್ನಾದರೂ ನೆನಪು ಮಾಡಿಕೊಳ್ಳಲು ಜೀರುಂಡೆ ಹೆಣಗಿದಳು. ಸಿಗಲಿಲ್ಲ. ಎರಡನೆಯ ಆಲ್ಬಮ್ಮಿನ ಹಾಡುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅದರಲ್ಲಿ ಒಂದೂ ಅಮ್ಮನ ಕಿವಿಗೆ ಬಿದ್ದಿರಲಿಲ್ಲ.

ಅವಳು ಪಕ್ಕದ ಬಾಗಿಲಿಗೆ ಹೋಗಿ ನಿಂತಳು. ಅಮ್ಮ ಬೆನ್ನು ಹಾಕಿ ಕಂಬಿಗೆ ಅಂಗಿ ತೂಗುಹಾಕುತ್ತಿದ್ದಳು. ಅಮ್ಮ ಎಂದು ಕರೆದಳು. ಮತ್ತೆ ಕರೆದಳು. ಅಮ್ಮ ತಿರುಗಲಿಲ್ಲ. ಜೀರುಂಡೆ ಒಳಗೆ ಹೋಗಿ, ಗಿರಾಕಿಗಳಂತೆ ಮೇಜನ್ನು ತಟ್ಟಿದಳು.

ಅಮ್ಮ ತಿರುಗಿ ನೋಡಿದಳು. ಮೊದಲು ಮುಖವರಳಿತು. ಮರುಗಳಿಗೆ ಮಗಳ ಕಣ್ಣು ನೋಡಿ, ಆ ತಟ್ಟಿದ ಕೈಯನ್ನು ನೋಡಿ, ಎಲ್ಲ ಅರ್ಥವಾಯಿತು. ಇಸ್ತ್ರಿಯ ಸ್ವಿಚ್ಚು ಆರಿಸಿದಳು. ಅಂಗಡಿ ತೆರೆದಿರುವಾಗ ಅವಳು ಅದನ್ನು ಆರಿಸಿದ್ದನ್ನು ಜೀರುಂಡೆ ಎಂದೂ ನೋಡಿರಲಿಲ್ಲ.

“ಯಾಕೆ ಹೇಳಲಿಲ್ಲ?” ಎಂದು ಜೀರುಂಡೆ ತುಟಿ ಬಿಡಿಸಿ ಬಿಡಿಸಿ ಕೇಳಿದಳು.

ಅಮ್ಮ ಕಂಬಳಿಯ ಮೇಲಿನ ನೂಲೆಳೆ ಆರಿಸತೊಡಗಿದಳು.

“ನೀನು ಬರ್ತಿದ್ದದ್ದು ಹಾಡು ಕೇಳ್ಸೋಕೆ ಅಲ್ವಾ,” ಎಂದಳು. “ನನಗೆ ಕೇಳ್ಸಲ್ಲ ಅಂತ ಗೊತ್ತಾದ್ರೆ ಮತ್ತೆ ಯಾಕೆ ಬರ್ತೀಯ?”

ಒಂದು ಹಾಡಿಗೆ ಇಸ್ತ್ರಿ ಬೀಳಲಿಲ್ಲವೆಂದು ಜೀರುಂಡೆ ಇಷ್ಟು ಕಾಲ ಈ ಬಾಗಿಲು ತುಳಿದಿರಲಿಲ್ಲ. ಅಮ್ಮ ಹೆದರಿದ್ದಂತೆಯೇ ಆಗಿತ್ತು. ಅವಳು ಮೇಜಿನ ಆ ಕಡೆಗೆ ಹೋಗಿ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅಮ್ಮ ಅವಳ ಬೆನ್ನು ಸವರಿದಳು, ಅಂಗಿ ಮಡಿಸುವ ಮೊದಲು ಕೈಯಿಂದ ಸವರುತ್ತಾಳಲ್ಲ, ಹಾಗೆ.

ಅಂದು ನೀನು ಗಿಟಾರ್ ತಂದಿರಲಿಲ್ಲ, ಕಾಲು ಮೇಲಿಟ್ಟುಕೊಂಡು ಮುಖ ತಗ್ಗಿಸಿದ್ದೆ, ಸುಸ್ತಾಗಿ ಕೂತಿದ್ದೀಯ ಎಂದುಕೊಂಡೆ ಎಂದು ಅಮ್ಮ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನಿನ್ನ ಪಾಡು ಎಂದು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. ಆಮೇಲೆ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಖ ಬೆಳಕಿಗೆ ಬರುವಂತೆ ಗಲ್ಲ ಹಿಡಿದು ತಿರುಗಿಸಿದಳು. ಆವತ್ತಿನ ಹಾಡು ಯಾವುದು, ಈಗ ಹೇಳು ಎಂದಳು.

ಜೀರುಂಡೆ ಹೇಳಿದಳು. ಹಾಡಲಿಲ್ಲ, ಹಾಡಿದರೆ ತುಟಿ ಬೇರೆಯಾಗುತ್ತದೆ. ಒಂದೊಂದೇ ಪದವನ್ನು ಅಮ್ಮನ ಕಣ್ಣಿಗೆ ಹೇಳಿದಳು. ಅಮ್ಮ ಪ್ರತಿ ಪದವನ್ನೂ ತನ್ನ ತುಟಿಯಲ್ಲಿ ಸದ್ದಿಲ್ಲದೆ ಆಡಿಕೊಂಡಳು. ಸಂಭ್ರಮ, ಅಂಗಿ, ನಿನ್ನ ಕೈ. ಕೊನೆಯ ಸಾಲು ಬಂದಾಗ ಅವಳ ತುಟಿ ನಿಂತಿತು. ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು.

“ಸುಕ್ಕು ಇರ್ಲಿ ಬಿಡು,” ಎಂದಳು. “ಪದ ಚೆನ್ನಾಗಿದೆ. ರಾಗ ಹೇಗಿದೆ ಜೀರು?”

ರಾಗದ ಮೇಲೆ ಜೀರುಂಡೆ ರೇಡಿಯೋದಲ್ಲಿ ಎಷ್ಟು ಸಲ ಮಾತಾಡಿದ್ದಳೋ. ರಾಗ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿದ್ದಳು. ಈಗ ಅವಳ ಬಾಯಿಂದ ಒಂದೇ ಪದ ಹೊರಟಿತು.

“ನಿಧಾನ.”

ಅಮ್ಮ ತಲೆಯಾಡಿಸಿದಳು. ತಣ್ಣಗಾಗುತ್ತಿದ್ದ ಇಸ್ತ್ರಿಯನ್ನು ಕೈಗೆತ್ತಿಕೊಂಡು, ಬಟ್ಟೆಯಿಲ್ಲದ ಬರೀ ಕಂಬಳಿಯ ಮೇಲೆ ಇಟ್ಟಳು. ಮಗಳ ಮುಖದಿಂದ ಕಣ್ಣು ಕೀಳದೆ ಮೆಲ್ಲಗೆ ಎಳೆದಳು, ನಿಲ್ಲಿಸಿದಳು, ಮತ್ತೆ ಎಳೆದಳು. ಹೀಗಾ ಎಂದು ಹುಬ್ಬಿನಲ್ಲೇ ಕೇಳಿದಳು.

ಹಾಗಿರಲಿಲ್ಲ. ಹಾಡು ನಿಲ್ಲುವಲ್ಲಿ ಇಸ್ತ್ರಿ ಓಡುತ್ತಿತ್ತು, ಹಾಡು ಏರುವಲ್ಲಿ ಇಸ್ತ್ರಿ ಸುಮ್ಮನಾಗುತ್ತಿತ್ತು, ಒಂದು ಎಳೆತವೂ ಆ ಹಾಡಿನದಾಗಿರಲಿಲ್ಲ.

“ಹೂಂ ಅಮ್ಮ, ಹಾಗೇ,” ಎಂದಳು ಜೀರುಂಡೆ. ಆ ತಪ್ಪು ತಾಳವನ್ನು ನೋಡುತ್ತ, ನೆಲದ ಮೇಲೆ ಕಾಲಲ್ಲಿ ಅದನ್ನೇ ಕುಟ್ಟತೊಡಗಿದಳು.